ಧ್ಯಾನ ತಪ್ಪಿ ಹೋಗುತ್ತಿದೆಯೇ? ಮನಸ್ಸನ್ನು ಬೈಯುವ ಮೊದಲು ಇವನ್ನು ನೋಡಿ

ವಿಪಶ್ಯನ ಎಂಬ ಧ್ಯಾನ ಪದ್ಧತಿಯ ಹತ್ತು ದಿನದ ಶಿಬಿರ ಮುಗಿಸಿ ಮನೆಗೆ ಬಂದ ಮೊದಲ ವಾರ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತಪ್ಪದೆ ಕೂತೆ. ಎರಡನೇ ವಾರ ಸಂಜೆಯದು ಹೋಯಿತು. ನಾಲ್ಕನೇ ವಾರಕ್ಕೆ ಬೆಳಗಿನದೂ ಹೋಯಿತು. ಆಮೇಲೆ ಎಂಟು ತಿಂಗಳು ನನ್ನ ದಿಂಬು ಬೀರುವಿನ ಮೇಲೇ ಇತ್ತು. ಶ್ರದ್ಧೆ ಸಾಲದು, ಮನಸ್ಸು ಗಟ್ಟಿ ಇಲ್ಲ ಎಂದು ಅಷ್ಟೂ ದಿನ ನನ್ನನ್ನೇ ಬೈದುಕೊಂಡೆ.

ನಾನು ತಪ್ಪು ಕಡೆ ಹುಡುಕುತ್ತಿದ್ದೆ. 1969ರಲ್ಲಿ ಬರ್ಮಾದಿಂದ ಬಂದು ಈ ಶಿಬಿರಗಳನ್ನು ಭಾರತದಲ್ಲಿ ಶುರು ಮಾಡಿದ ಸತ್ಯನಾರಾಯಣ ಗೋಯಂಕಾ ಅವರು ಮನೆಗೆ ಹೋದ ಮೇಲೂ ದಿನಕ್ಕೆ ಎರಡು ಸಲ ಒಂದೊಂದು ಗಂಟೆ ಕೂರಬೇಕು ಎಂದೇ ಹೇಳುತ್ತಿದ್ದರು. ಒಳ್ಳೆಯ ಮಾತು. ಆದರೆ ಶಿಬಿರದಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಗಂಟೆ ಹೊಡೆದು ಎಬ್ಬಿಸುವವರು ಇರುತ್ತಾರೆ. ಅಡುಗೆ ಮಾಡಿ ಬಡಿಸುವವರು ಇರುತ್ತಾರೆ. ಫೋನ್ ಮೊದಲ ದಿನವೇ ಕೊಟ್ಟುಬಿಟ್ಟಿರುತ್ತೇವೆ. ಯಾರೂ ಮಾತಾಡಿಸುವುದಿಲ್ಲ. ಮನೆಯಲ್ಲಿ ಇದರಲ್ಲಿ ಒಂದೂ ಇಲ್ಲ, ಅಲ್ವಾ? ಅಲ್ಲಿ ಬೇರೆಯವರು ಒದಗಿಸಿದ್ದನ್ನು ಇಲ್ಲಿ ನಾವೇ ಒದಗಿಸಿಕೊಳ್ಳಬೇಕು. ಅದನ್ನು ಮಾಡದೆ ಮನಸ್ಸನ್ನು ದೂರಿ ಪ್ರಯೋಜನವಿಲ್ಲ.

ನೀವು ಮಾಡುವುದು ವಿಪಶ್ಯನ ಇರಬಹುದು, ಜಪ ಇರಬಹುದು, ಸುಮ್ನೆ ಉಸಿರು ನೋಡಿಕೊಂಡು ಕೂರುವುದು ಇರಬಹುದು. ಧ್ಯಾನ ನಿಂತುಹೋಗುವ ರೀತಿ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಅದಕ್ಕೇ ಕೆಳಗಿನದನ್ನು ಪದ್ಧತಿಗಳ ಪ್ರಕಾರ ಬರೆದಿಲ್ಲ. ಜನ ಹೇಳಿಕೊಳ್ಳುವ ತೊಂದರೆಗಳ ಪ್ರಕಾರ ಬರೆದಿದ್ದೇನೆ. ನಿಮ್ಮ ತೊಂದರೆ ಯಾವುದೋ ಅಲ್ಲಿಗೇ ನೇರ ಹೋಗಿ.

ಮೊದಲು ಎರಡು ಮಾತು

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಜಾಗ, ಹೊತ್ತು, ದಿಂಬು ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಬದಲಾಯಿಸಿದ್ದನ್ನು ಒಂದು ವಾರ ಹಾಗೇ ನಡೆಸಿ ನೋಡಿ. ಗೋಡೆಗೆ ನೇತುಹಾಕಿರುವ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಎರಡೇ ವಿಷಯ ಬರೆಯಿರಿ: ಎಷ್ಟು ನಿಮಿಷ ಕೂತಿರಿ, ಯಾಕೆ ಎದ್ದಿರಿ. ಚೆನ್ನಾಗಿ ಆಯಿತು, ಆಗಲಿಲ್ಲ ಎಂದು ಮಾರ್ಕ್ಸ್ ಹಾಕಿಕೊಳ್ಳಬೇಡಿ. ನಾನು ಎರಡು ವಾರ ಬರೆದದ್ದನ್ನು ಒಟ್ಟಿಗೆ ಓದಿದಾಗ ಹೀಗಿತ್ತು: ಕುಕ್ಕರ್, ಕುಕ್ಕರ್, ಕಾಲು, ಫೋನ್, ಕುಕ್ಕರ್, ನಿದ್ದೆ, ಕಾಲು. ‘ಮನಸ್ಸು ನಿಲ್ಲಲಿಲ್ಲ’ ಎಂದು ಬರೆದದ್ದು ಒಂದೇ ಒಂದು ದಿನ.

ಇನ್ನೊಂದು ಮಾತು ಎಚ್ಚರಿಕೆಯದು. ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಮೂರ್ಛೆ ರೋಗ ಇರುವವರು ಹೊತ್ತು ಹೆಚ್ಚಿಸುವ ಮೊದಲು, ಶಿಬಿರಕ್ಕೆ ಹೋಗುವ ಮೊದಲು ತಮ್ಮ ಡಾಕ್ಟರ ಹತ್ತಿರ ಮಾತಾಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಕೂರಬೇಡಿ. ಕೂತಲ್ಲಿ ಬೆವರು, ನಡುಕ, ತಲೆ ಹಗುರಾದ ಹಾಗೆ ಆದರೆ ಅದನ್ನು ಧ್ಯಾನದ ಅನುಭವ ಎಂದುಕೊಳ್ಳಬೇಡಿ. ಸಕ್ಕರೆ ಇಳಿದಿರಬಹುದು. ತಕ್ಷಣ ಎರಡು ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿಕೊಂಡು ಕುಡಿಯಿರಿ.

“ಕೂರೋಕೇ ಆಗ್ತಿಲ್ಲ, ದಿನ ಹೇಗೋ ಕಳೆದುಹೋಗುತ್ತೆ”

ತುಂಬ ಜನರ ತೊಂದರೆ ಇದೇ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಹಾಗಾಗಿ ಮೊದಲು ಇದನ್ನೇ ನೋಡಿ.

ನಿಮ್ಮ ಧ್ಯಾನವನ್ನು ಯಾವ ಕೆಲಸದ ಬೆನ್ನಿಗೆ ಕಟ್ಟಿದ್ದೀರಿ? ‘ಬೆಳಿಗ್ಗೆ ಐದೂವರೆಗೆ’ ಎಂದರೆ ಅದು ಗಡಿಯಾರಕ್ಕೆ ಕಟ್ಟಿದ ಹಾಗೆ. ರಾತ್ರಿ ನೆಂಟರು ಬಂದರು, ಮಗುವಿಗೆ ಜ್ವರ ಬಂತು ಅಂದರೆ ಐದೂವರೆ ಹೋಯಿತು. ಅದರ ಜೊತೆ ಧ್ಯಾನವೂ ಹೋಯಿತು. ‘ಹಲ್ಲುಜ್ಜಿದ ಮೇಲೆ’, ‘ಸ್ನಾನ ಆಗಿ ದೇವರಿಗೆ ದೀಪ ಹಚ್ಚಿದ ಮೇಲೆ’, ‘ಮಗಳನ್ನು ಸ್ಕೂಲ್ ವ್ಯಾನ್ ಹತ್ತಿಸಿ ಬಂದ ಮೇಲೆ’ ಎಂದರೆ ಅದು ಕೆಲಸಕ್ಕೆ ಕಟ್ಟಿದ ಹಾಗೆ. ಆ ಕೆಲಸ ತಡವಾದರೂ ನಡೆದೇ ನಡೆಯುತ್ತದೆ. ಅದರ ಹಿಂದೆ ಇದೂ ನಡೆಯುತ್ತದೆ. ರಾತ್ರಿ ಪಾಳಿಯವರಿಗೂ ಇದೇ ಲೆಕ್ಕ. ಎದ್ದದ್ದು ಮಧ್ಯಾಹ್ನ ಎರಡಕ್ಕಾದರೆ ಹಲ್ಲುಜ್ಜುವುದೂ ಎರಡಕ್ಕೇ ಅಲ್ವಾ?

ಬ್ರಾಹ್ಮೀ ಮುಹೂರ್ತದಲ್ಲೇ ಕೂರಬೇಕು ಎಂದು ನಾನೂ ಹಟ ಹಿಡಿದಿದ್ದೆ. ರಾತ್ರಿ ಒಂಬತ್ತಕ್ಕೆ ಮಲಗುವ ಮನೆಯಲ್ಲಿ ಅದು ಬಹಳ ಚೆನ್ನ. ನಮ್ಮ ಮನೆಯಲ್ಲಿ ಪಾತ್ರೆ ತೊಳೆದು ಮಲಗುವಾಗ ಹನ್ನೊಂದಾಗುತ್ತದೆ. ನಮ್ಮವರು ತುಮಕೂರಿನಿಂದ ಬೆಂಗಳೂರಿಗೆ ಬೆಳಗಿನ ರೈಲು ಹಿಡಿಯುವವರು. ನಾನು ಏಳುವುದೇ ಅವರ ಡಬ್ಬಿ ಕಟ್ಟುವುದಕ್ಕೆ. ಐದಕ್ಕೆ ಕೂತರೆ ಕಿವಿ ಪೂರ್ತಿ ಅಡುಗೆಮನೆ ಕಡೆ. ಮೂರನೇ ಸೀಟಿ ಆಯಿತೋ ಇಲ್ಲವೋ ಎಂಬ ಎಣಿಕೆಯೇ ನನ್ನ ಜಪ ಆಗಿತ್ತು. ಕ್ಯಾಲೆಂಡರ್ ಓದಿದ ಮೇಲೆ ಹೊತ್ತು ಬದಲಾಯಿಸಿದೆ. ಅವರು ಗೇಟು ಹಾಕಿಕೊಂಡು ಹೋದ ಮೇಲೆ, ಮಾವನವರ ಎರಡನೇ ಕಾಫಿಗೆ ಮುಂಚೆ, ಮನೆಯಲ್ಲಿ ಇಪ್ಪತ್ತು ನಿಮಿಷ ಯಾರೂ ನನ್ನನ್ನು ಕರೆಯುವುದಿಲ್ಲ. ಗೇಟಿನ ಚಿಲಕದ ಸದ್ದು ಕೇಳಿದ ಕೂಡಲೇ ಕೂರುತ್ತೇನೆ. ಹೊತ್ತು ಬದಲಾಯಿಸಿದ ಆ ವಾರದಿಂದಲೇ ನನ್ನದು ಮತ್ತೆ ನಡೆಯತೊಡಗಿತು.

ಹೊತ್ತು ಸರಿ ಇದ್ದರೆ ಆಮೇಲೆ ಜಾಗ ನೋಡಿ. ದಿಂಬು ತೆಗೆಯಲು ಬೀರು ಏರಬೇಕು, ಚಾಪೆ ಹಾಸಲು ಕುರ್ಚಿ ಸರಿಸಬೇಕು ಅಂದರೆ ಮೂರನೇ ದಿನಕ್ಕೆ ಬೇಸರ ಬರುತ್ತದೆ. ದೇವರ ಮನೆಯೇ ಆಗಬೇಕಿಲ್ಲ. ಮಂಚದ ಪಕ್ಕ ಎರಡಡಿ ಜಾಗ ಸಾಕು. ಮಣೆ, ಕಂಬಳಿ ಅಲ್ಲೇ ಇರಲಿ. ಫೋನ್ ಮಾತ್ರ ಬೇರೆ ಕೋಣೆಯಲ್ಲಿರಲಿ. ಹೊತ್ತು ನೋಡಿಕೊಳ್ಳಲು ಫೋನೇ ಬೇಕು ಅಂದರೆ ಹಳೆಯ ಅಲಾರಂ ಗಡಿಯಾರ ಇಟ್ಟುಕೊಳ್ಳಿ. ಟೈಮರ್ ಒತ್ತಲು ಹೋಗಿ ವಾಟ್ಸಾಪ್ ತೆರೆದು ಕಾಲು ಗಂಟೆ ಕಳೆದವರು ನೀವೊಬ್ಬರೇ ಅಲ್ಲ. ಮನೆಯವರಿಗೂ ಬಾಯಿ ಬಿಟ್ಟು ಹೇಳಿ: ‘ಇಷ್ಟು ಹೊತ್ತು ನನ್ನನ್ನು ಕರೆಯಬೇಡಿ, ಯಾರಾದರೂ ಬಿದ್ದರೆ, ಹಾಲು ಉಕ್ಕಿದರೆ ಮಾತ್ರ ಕರೆಯಿರಿ.’ ನಮ್ಮಲ್ಲಿ ಹೆಂಗಸರು ಈ ಮಾತು ಹೇಳುವುದೇ ಇಲ್ಲ. ಹೇಳದೆ ಅವರಿಗೆ ಗೊತ್ತಾಗುವುದು ಹೇಗೆ? ಒಂದು ಸಲ ಹೇಳಿ ನೋಡಿ. ಹೆಚ್ಚಿನ ಮನೆಗಳಲ್ಲಿ ಒಪ್ಪುತ್ತಾರೆ.

ಮೂರನೆಯದು ಅವಧಿ. ಒಂದು ಗಂಟೆ ಆಗದಿದ್ದರೆ ಬೇಡವೇ ಬೇಡ ಎಂಬ ಲೆಕ್ಕವೇ ಜಾಸ್ತಿ ಜನರ ಅಭ್ಯಾಸ ಕೆಡಿಸುವುದು. ಹತ್ತು ನಿಮಿಷಕ್ಕೆ ಇಳಿಸಿ. ಅದೂ ತಪ್ಪುತ್ತಿದ್ದರೆ ಐದು. ಐದು ನಿಮಿಷ ಮೂರು ವಾರ ತಪ್ಪದೆ ನಡೆದರೆ ಆಮೇಲೆ ಐದೈದೇ ಸೇರಿಸಿ. ಐದು ನಿಮಿಷವೂ ನಡೆಯುತ್ತಿಲ್ಲ ಅಂದರೆ ತೊಂದರೆ ಅವಧಿಯಲ್ಲಿಲ್ಲ. ಮತ್ತೆ ಹೊತ್ತು, ಜಾಗಕ್ಕೇ ವಾಪಸ್ ಹೋಗಿ.

ಎಷ್ಟು ದಿನಕ್ಕೆ ರೂಢಿಯಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಒಂದು ಮಂಡಲ, ಅಂದರೆ 48 ದಿನ ಎಂದು ನಮ್ಮಲ್ಲಿ ಹೇಳುವ ರೂಢಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನವೇ ಸಾಕಾಯಿತು. ಕೆಲವರಿಗೆ 254 ದಿನ ಬೇಕಾಗಬಹುದು ಎಂಬ ಅಂದಾಜು ಬಂತು. ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ. ಹಾಗಾಗಿ ನಿನ್ನೆ ತಪ್ಪಿದ್ದಕ್ಕೆ ಇವತ್ತು ಎರಡರಷ್ಟು ಕೂರಬೇಡಿ. ಇವತ್ತಿನದು ಇವತ್ತು ಕೂತರೆ ಆಯಿತು. ಆರು ತಿಂಗಳು ಬಿಟ್ಟವರಿಗೂ ಇದೇ ಮಾತು.

“ಕಾಲು ಜೋಮು ಹಿಡಿಯುತ್ತೆ, ಮಂಡಿ ಸಿಡಿಯುತ್ತೆ”

ನಮ್ಮ ಮಾವನವರು ದಿನಾ ಸಂಜೆ ದೀಪ ಹಚ್ಚಿದ ಮೇಲೆ ಮಣೆ ಮೇಲೆ ಕೂತು ಜಪ ಮಾಡುತ್ತಾರೆ. ಒಂದು ಸಲ ಹದಿನೈದು ದಿನ ಕೂರಲೇ ಇಲ್ಲ. ಕೇಳಿದರೆ ‘ವಯಸ್ಸಾಯ್ತಲ್ಲಮ್ಮ, ಮಂಡಿ ಕೇಳಲ್ಲ’ ಅಂದರು. ಒಂದು ನಿಮಿಷ ಕೂತು ತೋರಿಸಿ ಅಂದೆ. ಚಕ್ಕಳಮಕ್ಕಳ ಹಾಕಿ ಕೂತರು. ನಾನು ಪಕ್ಕದಿಂದ ನೋಡಿದೆ. ಎರಡೂ ಮಂಡಿ ಸೊಂಟಕ್ಕಿಂತ ಎತ್ತರದಲ್ಲಿದ್ದವು. ಮಣೆ ಎರಡು ಬೆರಳಿನಷ್ಟೂ ಎತ್ತರ ಇರಲಿಲ್ಲ. ಕೆಳಬೆನ್ನು ಹಿಂದಕ್ಕೆ ಬಾಗಿ, ಕತ್ತು ಮುಂದಕ್ಕೆ ಚಾಚಿತ್ತು. ಬಲ ಮಂಡಿಗೂ ನೆಲಕ್ಕೂ ಮಧ್ಯೆ ಒಂದು ಗೇಣು ಖಾಲಿ.

ಎರಡು ಕಂಬಳಿಗಳನ್ನು ನಾಲ್ಕು ಮಡಿಕೆ ಮಾಡಿ ಮಣೆ ಮೇಲೆ ಇಟ್ಟೆ. ಅದರ ಮುಂದಿನ ಅಂಚಿನ ಮೇಲೆ ಕೂರಲು ಹೇಳಿದೆ. ಪೂರ್ತಿ ಹಿಂದೆ ಸರಿದು ಕೂರಬಾರದು, ಅಂಚಿನ ಮೇಲೇ ಕೂರಬೇಕು. ಸೊಂಟ ಮೇಲೆ ಬಂತು, ಮಂಡಿ ಕೆಳಗಿಳಿಯಿತು, ಬೆನ್ನು ತಾನಾಗಿ ನೆಟ್ಟಗಾಯಿತು. ಬಲ ಮಂಡಿ ಕೆಳಗೆ ಇನ್ನೂ ನಾಲ್ಕು ಬೆರಳು ಜಾಗ ಉಳಿದಿತ್ತು. ಮಗಳ ಚಿಕ್ಕ ತಲೆದಿಂಬನ್ನು ಅಲ್ಲಿಗೆ ತುರುಕಿದೆ. ಅವರು ಏನೂ ಹೇಳಲಿಲ್ಲ. ಮಾರನೇ ದಿನ ಸಂಜೆ ಅಡುಗೆಮನೆ ಬಾಗಿಲಿಗೆ ಬಂದು, ‘ಏನಮ್ಮಾ, ಆ ಕಂಬಳಿ ಎಲ್ಲಿಟ್ಟೆ?’ ಅಂದರು.

ಇಲ್ಲಿ ಆಗುವುದೇನು ಅಂದರೆ, ಮಂಡಿ ಬಾಗಿಲಿನ ಕೀಲಿನ ಹಾಗೆ. ಮಡಚುವುದು, ಬಿಡಿಸುವುದು ಅದರ ಕೆಲಸ. ಹೊರಕ್ಕೆ ತಿರುಗುವುದು ಸೊಂಟದ ಕೀಲಿನ ಕೆಲಸ. ವರ್ಷಗಟ್ಟಲೆ ಕುರ್ಚಿಯಲ್ಲೇ ಕೂತವರ ಸೊಂಟ ಬಿಗಿದಿರುತ್ತದೆ, ಹೊರಕ್ಕೆ ತಿರುಗುವುದಿಲ್ಲ. ಆ ತಿರುಚು ಮಂಡಿ ಮೇಲೆ ಬೀಳುತ್ತದೆ. ಅದಕ್ಕೇ ಪದ್ಮಾಸನಕ್ಕೆ ಬಲವಂತ ಮಾಡಬೇಡಿ. ಕೈಯಿಂದ ಪಾದ ಎಳೆದು ತೊಡೆ ಮೇಲೆ ಕೂರಿಸಬೇಕಾಗಿದ್ದರೆ ನಿಮ್ಮ ಸೊಂಟ ಇನ್ನೂ ತಯಾರಿಲ್ಲ ಎಂದರ್ಥ. ಕಂಬಳಿಯಿಂದಲೂ ಆಗದಿದ್ದರೆ ಕುರ್ಚಿಯಲ್ಲಿ ಕೂರಿ. ಪಾದ ಎರಡೂ ನೆಲ ಮುಟ್ಟಿರಲಿ, ಬೆನ್ನು ಒರಗದಿರಲಿ. ಕುರ್ಚಿಯಲ್ಲಿ ಕೂತರೆ ಧ್ಯಾನ ಅಲ್ಲ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ನೋವಿನ ಗುರುತು ನೋಡಿ. ಮಂಕಾದ ನೋವು, ಜಾಗ ಬದಲಾಯಿಸುತ್ತಾ ಇರುವುದು, ಎದ್ದು ನಾಲ್ಕು ಹೆಜ್ಜೆ ನಡೆದರೆ ಹೋಗುವುದು: ಇದು ಕೂತ ಭಂಗಿಯದು, ಹೆದರಬೇಕಿಲ್ಲ. ಚುಚ್ಚುವ ನೋವು, ಮಂಡಿಯೊಳಗೆ ಒಂದೇ ಕಡೆ, ಎದ್ದು ಅರ್ಧ ಗಂಟೆ ಆದರೂ ಇರುವುದು, ಊತ ಬರುವುದು, ಮಂಡಿ ಸಿಕ್ಕಿಹಾಕಿಕೊಂಡ ಹಾಗೆ ಆಗುವುದು: ನೆಲದ ಮೇಲೆ ಕೂರುವುದನ್ನು ಅವತ್ತೇ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ಸಹಿಸಿಕೊಂಡು ಕೂತರೆ ಸಾಧನೆ ಬಲಿಯುತ್ತದೆ ಎಂಬುದು ಈ ನೋವಿಗೆ ಖಂಡಿತ ಅನ್ವಯಿಸುವುದಿಲ್ಲ.

ಜೋಮಿನದು ಬೇರೆ ಕಥೆ. ಮಂಡಿಯ ಹೊರಬದಿಯಲ್ಲಿ ಚರ್ಮಕ್ಕೆ ಹತ್ತಿರವೇ ಒಂದು ನರ ಹಾದುಹೋಗುತ್ತದೆ. ಕಾಲು ಮಡಚಿ ಕೂತಾಗ ಅದು ಒತ್ತಿಹೋಗಿ ಪಾದ ಮರಗಟ್ಟುತ್ತದೆ. ಎತ್ತರ ಹೆಚ್ಚಿಸಿದರೆ, ಕಾಲನ್ನು ಒಂದರ ಮೇಲೊಂದು ಹಾಕದೆ ಮುಂದೊಂದು ಹಿಂದೊಂದು ಇಟ್ಟರೆ ಬಹುತೇಕ ಸರಿಹೋಗುತ್ತದೆ. ಜೋಮು ಹಿಡಿದ ಕಾಲಿನ ಮೇಲೆ ಮಾತ್ರ ಎದ್ದು ನಿಲ್ಲಬೇಡಿ. ಪಾದ ಎಲ್ಲಿದೆ ಎಂದೇ ಗೊತ್ತಾಗದೆ ಹೊರಳುತ್ತದೆ, ಬಿದ್ದು ಮೂಳೆ ಮುರಿಯಬಹುದು. ಕಾಲು ಚಾಚಿ, ಬೆರಳು ಆಡಿಸಿ, ಪೂರ್ತಿ ಸರಿಯಾದ ಮೇಲೆ ಏಳಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಗೋಡೆ ಹಿಡಿದು ನಿಧಾನ ಏಳಿ, ದಿಢೀರನೆ ಎದ್ದರೆ ತಲೆ ಸುತ್ತಬಹುದು. ಎದ್ದ ಮೇಲೆ ಪಾದ ಮೇಲೆತ್ತಲು ಆಗದೆ ನೆಲಕ್ಕೆ ಉಜ್ಜುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೂರದಿರುವಾಗಲೂ ಪಾದ ಜುಮುಜುಮು ಅನ್ನುತ್ತಿದ್ದರೆ ಅದಕ್ಕೆ ಬೇರೆ ಕಾರಣ ಇರಬಹುದು. ಸಕ್ಕರೆ ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ತುಂಬ ಸಾಮಾನ್ಯ.

“ಕೂತ ತಕ್ಷಣ ತೂಕಡಿಕೆ”

ಮೊದಲು ರಾತ್ರಿಯ ಲೆಕ್ಕ ಹಾಕಿ. ಆರು ಗಂಟೆಗಿಂತ ಕಡಿಮೆ ಮಲಗಿದ ದಿನ ಕಣ್ಣು ಮುಚ್ಚಿ ಕೂತರೆ ದೇಹ ತನಗೆ ಬೇಕಾದ್ದನ್ನು ತೆಗೆದುಕೊಳ್ಳುತ್ತದೆ. ನಿದ್ದೆ ಕದ್ದು ಧ್ಯಾನ ಮಾಡಬೇಡಿ. ಅರ್ಧ ಗಂಟೆ ಬೇಗ ಮಲಗುವುದೇ ಇದಕ್ಕೆ ಮೊದಲ ಔಷಧಿ. ಎರಡನೆಯದು ಊಟ. ಮುದ್ದೆ ಸಾರು ಉಂಡು ಕೂತರೆ ಯಾರಿಗಾದರೂ ಕಣ್ಣು ಎಳೆಯುತ್ತದೆ. ಊಟಕ್ಕೆ ಮುಂಚೆ ಕೂರಿ, ಇಲ್ಲವೇ ಎರಡು ಗಂಟೆ ಬಿಡಿ. ಮೂರನೆಯದು ಕೋಣೆ. ಕಿಟಕಿ ತೆರೆಯಿರಿ, ಮಂಚ ಬಿಟ್ಟು ನೆಲಕ್ಕೆ ಬನ್ನಿ, ಕಣ್ಣು ಅರೆ ತೆರೆದು ಎರಡಡಿ ದೂರದ ನೆಲ ನೋಡಿ.

ಇದು ಇವತ್ತಿನ ತೊಂದರೆ ಅಲ್ಲ. ಮಗಧದ ಒಂದು ಹಳ್ಳಿಯಲ್ಲಿ ಬುದ್ಧನ ಶಿಷ್ಯ ಮೊಗ್ಗಲ್ಲಾನ ಕೂತಲ್ಲೇ ತೂಕಡಿಸುತ್ತಿದ್ದಾಗ ಬುದ್ಧ ಅವನಿಗೆ ಹೇಳಿದ ಉಪಾಯಗಳು ಪಾಲಿ ಭಾಷೆಯ ಬೌದ್ಧ ಗ್ರಂಥಗಳಲ್ಲಿವೆ. ಮನಸ್ಸಿನಲ್ಲಿ ಹಿಡಿದ ವಿಷಯ ಬದಲಾಯಿಸು, ಕಲಿತದ್ದನ್ನು ನೆನಪಿಸಿಕೋ, ಬಾಯಿಬಿಟ್ಟು ಹೇಳು. ಆಗದಿದ್ದರೆ ಕಿವಿ ಎಳೆದುಕೋ, ಕೈಕಾಲು ಉಜ್ಜು. ಆಗದಿದ್ದರೆ ಎದ್ದು ಕಣ್ಣಿಗೆ ನೀರು ಹಾಕಿಕೊಂಡು ಆಕಾಶದ ನಕ್ಷತ್ರ ನೋಡು. ಬೆಳಕನ್ನು ನೆನೆ. ಎದ್ದು ಅತ್ತಿತ್ತ ನಡೆ. ಅದರಿಂದಲೂ ಆಗದಿದ್ದರೆ? ಬಲ ಮಗ್ಗುಲಾಗಿ ಮಲಗಿಬಿಡು, ಏಳುವ ಯೋಚನೆ ಇಟ್ಟುಕೊಂಡು ಮಲಗು. ಸುಲಭದ್ದು ಮೊದಲು, ಕೊನೆಗೆ ನಿದ್ದೆಗೇ ಅವಕಾಶ. ಎಲ್ಲೂ ‘ನೀನು ಸೋಮಾರಿ’ ಎಂಬ ಬೈಗುಳ ಇಲ್ಲ. ಇದನ್ನು ಮೊದಲ ಸಲ ತಿಳಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಏಳೆಂಟು ಗಂಟೆ ಮಲಗಿಯೂ ದಿನಾ ಕೂತ ಐದು ನಿಮಿಷಕ್ಕೇ ನಿದ್ದೆ, ಬಸ್ಸಿನಲ್ಲಿ ನಿದ್ದೆ, ಟಿವಿ ಮುಂದೆ ನಿದ್ದೆ ಅಂದರೆ ಡಾಕ್ಟರ ಹತ್ತಿರ ಹೋಗಿ. ರಕ್ತಹೀನತೆ, ಥೈರಾಯ್ಡ್ ಇರಬಹುದು. ಜೋರಾದ ಗೊರಕೆ, ಮಧ್ಯೆ ಉಸಿರು ನಿಂತ ಹಾಗೆ ಆಗುತ್ತದೆ ಎಂದು ಪಕ್ಕದಲ್ಲಿ ಮಲಗುವವರು ಹೇಳುತ್ತಿದ್ದರೆ ಅದನ್ನೂ ತಪ್ಪದೆ ತಿಳಿಸಿ. ಧ್ಯಾನದ ಆಡಿಯೋ ಹಾಕಿಕೊಂಡು ಗಾಡಿ ಓಡಿಸಬೇಡಿ.

“ಮನಸ್ಸು ಒಂದು ನಿಮಿಷ ನಿಲ್ಲಲ್ಲ”

ಹೆಚ್ಚಿನವರು ಇದನ್ನೇ ದೊಡ್ಡ ದೋಷ ಎಂದುಕೊಂಡು ಬಿಟ್ಟುಬಿಡುತ್ತಾರೆ. ಇದು ದೋಷವೇ ಅಲ್ಲ. ಉಸಿರು ಬಿಡುವಾಗ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ ನೋಡಿ. ಶುರುವಿನಲ್ಲಿ ಎಷ್ಟೋ ಜನರಿಗೆ ನಾಲ್ಕಕ್ಕೇ ಎಣಿಕೆ ತಪ್ಪುತ್ತದೆ. ‘ಅಯ್ಯೋ, ಎಲ್ಲಿಗೋ ಹೋಗಿದ್ದೆ’ ಎಂದು ಗೊತ್ತಾಗುತ್ತದಲ್ಲ, ಆ ಗೊತ್ತಾಗುವುದೇ ಅಭ್ಯಾಸ. ಮತ್ತೆ ಒಂದರಿಂದ ಶುರು ಮಾಡಿ. ಹತ್ತು ನಿಮಿಷದಲ್ಲಿ ಐವತ್ತು ಸಲ ಹೋಗಿ ಐವತ್ತು ಸಲ ವಾಪಸ್ ಬಂದರೆ ಐವತ್ತು ಸಲ ಅಭ್ಯಾಸ ಮಾಡಿದ ಹಾಗೆ.

ಆದರೂ ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಕೆಲಸದ ಪಟ್ಟಿಗೆ ಹೋಗುತ್ತಿದ್ದರೆ ಕೂರುವ ಮೊದಲು ಎರಡು ನಿಮಿಷ ಅದನ್ನು ಕಾಗದದ ಮೇಲೆ ಬರೆದಿಡಿ. ಕರೆಂಟ್ ಬಿಲ್ಲು, ಗ್ಯಾಸ್ ಬುಕ್ಕಿಂಗ್, ಅಕ್ಕನ ಮಗನ ಮದುವೆ ಉಡುಗೊರೆ, ಎಲ್ಲ ಅಲ್ಲಿರಲಿ. ಈಗಷ್ಟೇ ನೋಡಿದ ರೀಲ್ಸ್‌ಗೆ, ಟಿವಿ ಜಗಳಕ್ಕೆ ಹೋಗುತ್ತಿದ್ದರೆ ಕೂರುವ ಮುಂಚಿನ ಅರ್ಧ ಗಂಟೆ ಅವೆರಡನ್ನೂ ಬಿಡಿ.

ದಿನಾ ಒಂದೇ ವಿಷಯಕ್ಕೆ ಹೋಗುತ್ತಿದ್ದರೆ ಅದಕ್ಕೆ ಬೇರೆ ಉಪಾಯ ಬೇಕು. ನನಗೆ ಮೂರು ವಾರ ಕೂತಾಗಲೆಲ್ಲ ನಮ್ಮಣ್ಣ ಬರುತ್ತಿದ್ದ. ಅಪ್ಪನ ತಿಥಿಯಲ್ಲಿ ಆದ ಒಂದು ಮಾತಿನ ಮೇಲೆ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಉಸಿರು ನೋಡಿದೆ, ಎಣಿಸಿದೆ, ಹೊತ್ತು ಬದಲಾಯಿಸಿದೆ. ಅಣ್ಣ ಹೋಗಲಿಲ್ಲ. ಕೊನೆಗೆ ಒಂದು ಭಾನುವಾರ ಫೋನ್ ಮಾಡಿದೆ. ‘ಊಟ ಆಯ್ತೇನೇ?’ ಅಂದ. ಅಷ್ಟೇ ಮಾತು. ಸೋಮವಾರ ಅವನು ಬರಲಿಲ್ಲ. ಕೆಲವು ವಿಷಯ ಮಣೆ ಮೇಲೆ ಕೂತು ಬಗೆಹರಿಯುವುದಿಲ್ಲ. ಎದ್ದು ಹೋಗಿ ಸಾಲ ತೀರಿಸಬೇಕು, ಪರೀಕ್ಷೆ ಮಾಡಿಸಬೇಕು, ಮಾತಾಡಬೇಕು.

“ಉಸಿರು ನೋಡಿದರೆ ಉಸಿರೇ ಕಟ್ಟುತ್ತೆ”

ಮೂಗು ಕಟ್ಟಿದೆಯೇ ನೋಡಿ. ನೆಗಡಿ ಇದ್ದ ದಿನ ಉಸಿರು ಬಿಟ್ಟು ಬೇರೆಯದನ್ನು ಹಿಡಿಯಿರಿ. ಮೂಗು ಸರಿಯಿದ್ದರೆ ಹೊಟ್ಟೆ ಮೇಲೆ ಕೈ ಇಡಿ. ಉಸಿರು ತಾನಾಗಿ ಬರುತ್ತಿದೆಯೋ, ನೀವು ಎಳೆಯುತ್ತಿದ್ದೀರೋ? ಗಮನಿಸಲು ಹೊರಟವರು ಗೊತ್ತಿಲ್ಲದೆ ಉದ್ದಕ್ಕೆ, ಜೋರಾಗಿ ಎಳೆಯತೊಡಗುತ್ತಾರೆ. ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ ಅನ್ನಿಸಿ ತಲೆ ತೇಲಿದ ಹಾಗೆ ಆದರೆ ಉಸಿರು ಬೇಕಾದ್ದಕ್ಕಿಂತ ಜಾಸ್ತಿ ಆಡಿದೆ. ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಹೀಗಾಗುತ್ತದೆ. ಶಕ್ತಿ ಹರಿಯುತ್ತಿದೆ ಎಂದು ತಿಳಿದು ಮುಂದುವರಿಸಬೇಡಿ. ಕಣ್ಣು ತೆರೆಯಿರಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಕೆಲವು ನಿಮಿಷದಲ್ಲಿ ಸರಿಹೋಗುತ್ತದೆ. ಪ್ರಾಣಾಯಾಮ ಮಾಡುವವರು ಅದನ್ನು ಮುಗಿಸಿ ಐದು ನಿಮಿಷ ಬಿಟ್ಟು ಉಸಿರು ನೋಡಲು ಕೂರಿ. ಎರಡನ್ನೂ ಬೆರೆಸಬೇಡಿ.

ಕೆಲವರಿಗೆ, ಅದರಲ್ಲೂ ಉಬ್ಬಸ ಇರುವವರಿಗೆ, ಗಾಬರಿ ಸ್ವಭಾವದವರಿಗೆ ಉಸಿರಿನ ಮೇಲೆ ಗಮನ ಇಟ್ಟರೇ ಭಯ ಶುರುವಾಗುತ್ತದೆ. ಅಂಥವರು ಉಸಿರನ್ನು ಬಿಟ್ಟುಬಿಡಿ. ಪಾದ ನೆಲ ಮುಟ್ಟಿರುವ ಜಾಗ, ಕೈ ತೊಡೆ ಮೇಲಿರುವ ಭಾರ, ಹೊರಗಿನ ಹಕ್ಕಿ, ಫ್ಯಾನಿನ ಸದ್ದು, ಇವುಗಳ ಮೇಲೂ ಅಷ್ಟೇ ಚೆನ್ನಾಗಿ ಧ್ಯಾನ ಆಗುತ್ತದೆ. ಎದೆ ಹಿಡಿದ ಹಾಗೆ ನೋವು, ಅದು ಎಡಗೈಗೆ, ದವಡೆಗೆ ಇಳಿಯುವುದು, ತಣ್ಣನೆ ಬೆವರು ಇದ್ದರೆ ಧ್ಯಾನದ ಯೋಚನೆ ಬಿಟ್ಟು 108ಕ್ಕೆ ಕರೆ ಮಾಡಿ.

“ಮೊದಲು ಚೆನ್ನಾಗಿತ್ತು, ಈಗ ಏನೂ ಆಗ್ತಿಲ್ಲ”

ಮೊದಲ ತಿಂಗಳು ಬಂದ ಹಗುರ, ಶಾಂತಿ ಈಗ ಬರುತ್ತಿಲ್ಲ ಎಂದು ದಿನಾ ಅದನ್ನೇ ಹುಡುಕುತ್ತಾ ಕೂತರೆ ಅದು ಬರುವುದಿಲ್ಲ. ಹೊಸ ಮನೆಗೆ ಹೋದ ಹೊಸದರಲ್ಲಿ ಕಿಟಕಿಯ ನೋಟ ಕಂಡಷ್ಟು ಆಮೇಲೆ ಕಾಣುವುದಿಲ್ಲ. ಹಾಗಂತ ಕಿಟಕಿ ಕೆಟ್ಟಿಲ್ಲ. ಕೂತಾಗ ಏನಾಯಿತು ಎಂಬುದನ್ನು ಬಿಟ್ಟು ಉಳಿದ ದಿನ ಹೇಗಿದೆ ನೋಡಿ. ಮಗುವಿನ ಮೇಲೆ ಕೂಗುವ ಮೊದಲು ಒಂದು ಕ್ಷಣ ತಡೆಯುತ್ತಿದ್ದೀರಾ? ಕೋಪ ಬಂದದ್ದು ಮುಂಚೆಗಿಂತ ಬೇಗ ಗೊತ್ತಾಗುತ್ತಿದೆಯಾ? ಗೊತ್ತಾಗುತ್ತಿದ್ದರೆ ಏನನ್ನೂ ಬದಲಾಯಿಸಬೇಡಿ. ಪದ್ಧತಿಯಿಂದ ಪದ್ಧತಿಗೆ, ಆಪ್‌ನಿಂದ ಆಪ್‌ಗೆ ಹಾರುವುದಂತೂ ಬೇಡವೇ ಬೇಡ.

ಧ್ಯಾನ ಮಾತ್ರ ಅಲ್ಲ, ಊಟ, ನಿದ್ದೆ, ಮಕ್ಕಳ ಜೊತೆ ಮಾತು ಯಾವುದೂ ಎರಡು ವಾರದಿಂದ ರುಚಿಸುತ್ತಿಲ್ಲ ಅಂದರೆ ಅದು ಬೇರೆ. ಖಿನ್ನತೆ ಇರಬಹುದು. ಇನ್ನೂ ಜಾಸ್ತಿ ಧ್ಯಾನ ಮಾಡಿ ಸರಿಮಾಡಲು ಹೋಗದೆ ಡಾಕ್ಟರನ್ನು ನೋಡಿ.

“ಕೂತರೆ ಅಳು, ಭಯ, ಹಳೆಯದೆಲ್ಲ ನುಗ್ಗಿ ಬರುತ್ತೆ”

ಒಂದೊಂದು ದಿನ ಕಣ್ಣೀರು ಬರುವುದು ಸಹಜ. ಎದ್ದ ಮೇಲೆ ಮನಸ್ಸು ಹಗುರಾಗಿದ್ದರೆ ಚಿಂತೆ ಬೇಡ. ಎದ್ದ ಮೇಲೂ ದಿನವಿಡೀ ಅದೇ ಭಾರ ಹೊತ್ತು ತಿರುಗುತ್ತಿದ್ದರೆ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿ. ಕಣ್ಣು ತೆರೆದು ಕೂರಿ. ಇಲ್ಲವೇ ಕೂರುವುದನ್ನು ಬಿಟ್ಟು ಅಂಗಳದಲ್ಲಿ, ಮಹಡಿ ಮೇಲೆ ನಿಧಾನ ನಡೆಯಿರಿ, ಪಾದದ ಸ್ಪರ್ಶ ಗಮನಿಸಿ. ಒಂದು ವಾರದಲ್ಲಿ ಇಳಿಯದಿದ್ದರೆ ಪೂರ್ತಿ ನಿಲ್ಲಿಸಿ.

ಹಿಂದೆ ಆದ ದೌರ್ಜನ್ಯ, ಅಪಘಾತ, ಹತ್ತಿರದವರ ಸಾವು ಮತ್ತೆ ಕಣ್ಣ ಮುಂದೆ ನಡೆದ ಹಾಗೆ ಬರುತ್ತಿದ್ದರೆ ಒಬ್ಬರೇ ಎದುರಿಸಲು ಹೋಗಬೇಡಿ. ‘ಬರಲಿ, ಹೊರಗೆ ಹೋಗಲಿ, ಕೂತು ನೋಡು’ ಎಂಬ ಸಲಹೆ ಎಲ್ಲರಿಗೂ ಒಗ್ಗುವುದಿಲ್ಲ. ಧ್ಯಾನದಿಂದ ಕೆಲವರಿಗೆ ತೊಂದರೆಯೂ ಆಗುತ್ತದೆ ಎಂಬುದು ಈಗ ಗುಟ್ಟಾಗಿ ಉಳಿದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಧ್ಯಾನಿಗಳನ್ನೂ ಶಿಕ್ಷಕರನ್ನೂ ಮಾತಾಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಯ, ನಿದ್ದೆಗೆಡುವುದು, ತಾನು ತಾನಲ್ಲ ಅನ್ನಿಸುವುದು, ಎಲ್ಲವೂ ದಾಖಲಾಗಿವೆ. ಇಂಥದ್ದು ಆದವರು ಧ್ಯಾನ ಮಾಡಿದ್ದೇ ತಪ್ಪು ಎಂದೇನಿಲ್ಲ. ಅವರಿಗೆ ಬೇಕಿರುವುದು ಜೊತೆಗೊಬ್ಬ ತಿಳಿದವರು.

ಇವು ಕಂಡರೆ ಅಲ್ಲಿಗೇ ನಿಲ್ಲಿಸಿ

ಎರಡು ರಾತ್ರಿ ನಿದ್ದೆ ಇಲ್ಲದೆಯೂ ದಣಿವಾಗದೆ ವಿಪರೀತ ಉತ್ಸಾಹ. ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು. ತನಗೆ ವಿಶೇಷ ಶಕ್ತಿ ಬಂದಿದೆ, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎಂಬ ಗಟ್ಟಿ ನಂಬಿಕೆ. ಸುತ್ತಲಿನದೆಲ್ಲ ನಿಜವಲ್ಲ ಎಂಬ ಭಾವನೆ ಗಂಟೆಗಟ್ಟಲೆ ಉಳಿಯುವುದು. ಊಟ ಬಿಡುವುದು. ಸಾಯುವ ಯೋಚನೆ. ಇದರಲ್ಲಿ ಒಂದಿದ್ದರೂ ಧ್ಯಾನ ಅವತ್ತೇ ನಿಲ್ಲಬೇಕು. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ. ಮನೆಯವರೇ ಜೊತೆಗೆ ಹೋಗಿ ಮನೋವೈದ್ಯರಿಗೆ ತೋರಿಸಿ. ‘ಕುಂಡಲಿನಿ ಎದ್ದಿದೆ, ಆಸ್ಪತ್ರೆ ಬೇಡ’ ಎಂದು ಯಾರು ಹೇಳಿದರೂ, ಎಷ್ಟು ದೊಡ್ಡವರು ಹೇಳಿದರೂ, ಮೊದಲು ಡಾಕ್ಟರ ಹತ್ತಿರ ಹೋಗಿ. ಧ್ಯಾನ ಶುರು ಮಾಡಿದೆ ಎಂದು ಮನಸ್ಸಿನ ಕಾಯಿಲೆಯ ಮಾತ್ರೆ ನಿಲ್ಲಿಸಿದ್ದರೆ ಅದನ್ನೂ ತಪ್ಪದೆ ಹೇಳಿ.

ಹತ್ತಿರದಲ್ಲಿ ಮನೋವೈದ್ಯರು ಯಾರೂ ಗೊತ್ತಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾತಾಡುವಾಗ ದಿನಕ್ಕೆ ಎಷ್ಟು ಹೊತ್ತು ಕೂರುತ್ತಿದ್ದಿರಿ, ಯಾವ ಪದ್ಧತಿ, ಇತ್ತೀಚೆಗೆ ಶಿಬಿರಕ್ಕೆ ಹೋಗಿದ್ದಿರಾ, ಎಷ್ಟು ದಿನದಿಂದ ನಿದ್ದೆ ಸರಿಯಿಲ್ಲ, ಯಾವ ಮಾತ್ರೆ ನಡೆಯುತ್ತಿದೆ, ಇಷ್ಟನ್ನೂ ಬರೆದಿಟ್ಟುಕೊಂಡು ಹೇಳಿ. ಕ್ಯಾಲೆಂಡರಿನಲ್ಲಿ ಬರೆಯುತ್ತಾ ಬಂದಿದ್ದರೆ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅವರು ಕೇಳುವ ಎಷ್ಟೋ ಪ್ರಶ್ನೆಗೆ ಉತ್ತರ ಅದರಲ್ಲೇ ಸಿಗುತ್ತದೆ.